ಫಿಜಿಯ ಹಳ್ಳಿಗೆ ಹೋಗೋದಾ? ಮೊದಲು ಯಾರ ಮನೆಗೆ ಅಂತ ಗೊತ್ತು ಮಾಡಿಕೊಳ್ಳಿ

ಪ್ರಶ್ನೆ: ನಾನು ತೀರ್ಥಹಳ್ಳಿ ಕಡೆಯ ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಮಗ ಆಕ್ಲೆಂಡಿನಲ್ಲಿದ್ದಾನೆ. ಜುಲೈಯಲ್ಲಿ ನಾವಿಬ್ಬರೂ ಅವನಲ್ಲಿಗೆ ಹೋದಾಗ ಎಂಟು ದಿನ ಫಿಜಿ ತೋರಿಸ್ತೀನಿ ಅಂತಿದ್ದಾನೆ. ಅವನು ಕಳಿಸೋ ಫೋಟೋ ನೋಡಿದರೆ ಎಲ್ಲಾ ರೆಸಾರ್ಟಿನ ಈಜುಕೊಳ. ನಮಗೆ ಅದು ಬೇಡ. ಗಲಾಟೆ ಇಲ್ಲದ ಒಂದು ಹಳ್ಳಿ, ಜನ ಬದುಕೋ ಜಾಗ ನೋಡಬೇಕು. ನಾವು ಸಸ್ಯಾಹಾರಿಗಳು. ನನಗೆ ಮಂಡಿನೋವು. ನಮ್ಮ ಮನೆಯವರಿಗೆ ಇಂಗ್ಲಿಷ್ ಬರಲ್ಲ, ಹಿಂದಿ ಅಷ್ಟೋ ಇಷ್ಟೋ ಬರುತ್ತೆ. ಎಲ್ಲಿಗೆ ಹೋಗೋದು, ಹೇಗೆ ಹೋಗೋದು, ಏನು ಜಾಗ್ರತೆ? ದಿನಾ ಊರಿಗೆ ಫೋನ್ ಮಾಡೋಕಾಗುತ್ತಾ?

ಉತ್ತರ: ಮೇಷ್ಟ್ರೇ, ನಮಸ್ಕಾರ. ನಾನು ಐದು ವರ್ಷ ಫಿಜಿಯ ರಾಜಧಾನಿ ಸುವಾದಲ್ಲಿ ಕೆಲಸ ಮಾಡಿದವನು, ಆಮೇಲೂ ಹೋಗಿ ಬಂದು ಮಾಡುತ್ತಿದ್ದೇನೆ. ಹಾಗಾಗಿ ನನ್ನ ಲೆಕ್ಕ ಮೊದಲೇ ಹೇಳಿಬಿಡುತ್ತೇನೆ. ನಾಂದಿಯಲ್ಲಿ ಒಂದು ರಾತ್ರಿ, ಲಂಬಾಸಾ ಕಡೆ ಎರಡು, ತವೆಯುನಿ ದ್ವೀಪದಲ್ಲಿ ಮೂರು, ವಾಪಸ್ ನಾಂದಿಯಲ್ಲಿ ಒಂದು. ಇಷ್ಟೇ. ಇದಕ್ಕಿಂತ ಜಾಸ್ತಿ ಊರು ಸೇರಿಸಿದರೆ ನೀವು ನೋಡೋದು ವಿಮಾನ ನಿಲ್ದಾಣಗಳನ್ನು ಮಾತ್ರ.

ಈ ಹೆಸರುಗಳ ಬಗ್ಗೆ ಒಂದು ಮಾತು. ನಿಮ್ಮ ಮಗನ ಟಿಕೆಟ್ಟಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ 'ನಾದಿ' ಅಂತ ಇರುತ್ತೆ, ಅಲ್ಲಿನ ಜನ ಹೇಳೋದು ನಾಂದಿ. 'ಲಬಾಸಾ' ಅಂತ ಬರೆದದ್ದು ಲಂಬಾಸಾ. 1835ರಲ್ಲಿ ಬಂದ ಮೆಥಡಿಸ್ಟ್ ಪಾದ್ರಿಗಳ ಕಾಲದಿಂದ ಬಂದ ಬರವಣಿಗೆ ಇದು. ಡಿ ಅಕ್ಷರದ ಹಿಂದೆ ಒಂದು 'ನ್', ಬಿ ಹಿಂದೆ ಒಂದು 'ಮ್' ಅಡಗಿ ಕೂತಿರುತ್ತೆ. ಕ್ಯೂ ಬಂದರೆ 'ಂಗ' ಅಂತ ಓದಬೇಕು. ನಮಗೆ ಅನುಸ್ವಾರ ಇರೋದರಿಂದ ಕನ್ನಡದಲ್ಲಿ ಬರೆದುಕೊಳ್ಳೋದೇ ಸುಲಭ, ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಳ್ಳಿ.

ಈಗ ಮುಖ್ಯ ವಿಷಯ. "ಒಂದು ಹಳ್ಳಿ ನೋಡಬೇಕು" ಅಂತ ಬರೆದಿದ್ದೀರಿ. ಫಿಜಿಯಲ್ಲಿ ಹಳ್ಳಿಯನ್ನು ಸುಮ್ನೆ ಹೋಗಿ ನೋಡಿಬರೋಕೆ ಆಗಲ್ಲ. ಯಾರದಾದರೂ ಮನೆಗೆ ನೆಂಟರಾಗಿ ಹೋಗಬೇಕು. ಇದನ್ನು ಸಭ್ಯತೆಯ ಮಾತು ಅಂತ ಹೇಳುತ್ತಿಲ್ಲ, ಅಲ್ಲಿನ ಭೂಮಿಯ ವ್ಯವಸ್ಥೆಯೇ ಹಾಗಿದೆ. ದೇಶದ ಭೂಮಿಯಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಪಾಲು ಮೂಲ ಫಿಜಿಯನ್ನರದು. ಅವರು ತಮ್ಮನ್ನು ಇತೌಕೆಯಿ ಅಂತ ಕರೆದುಕೊಳ್ಳುತ್ತಾರೆ. ಆ ಭೂಮಿ ಒಬ್ಬೊಬ್ಬರ ಹೆಸರಿನಲ್ಲಿರಲ್ಲ, ಕುಲದ ಹೆಸರಿನಲ್ಲಿರುತ್ತೆ. ಕುಲಕ್ಕೆ ಮತಂಗಾಲಿ ಅನ್ನುತ್ತಾರೆ. ಅದನ್ನು ಮಾರೋ ಹಾಗಿಲ್ಲ, ಗೇಣಿಗೆ ಕೊಡಬಹುದು ಅಷ್ಟೇ. ಊರ ಮುಂದಿನ ಸಮುದ್ರದಲ್ಲೂ, ಹವಳದ ದಿಬ್ಬದವರೆಗೆ, ಮೀನು ಹಿಡಿಯುವ ಹಕ್ಕು ಆ ಊರಿನವರದೇ. ನಿಮಗೆ ಖಾಲಿ ಅಂತ ಕಾಣೋ ಮರಳಿನ ದಂಡೆ, ಕಾಡಿನೊಳಗಿನ ಜಲಪಾತ, ದಾರಿ ಬದಿಯ ತೆಂಗಿನ ಸಾಲು, ಎಲ್ಲಕ್ಕೂ ಹೇಳೋರು ಕೇಳೋರು ಇದ್ದಾರೆ. ಕೇಳದೆ ಇಳಿದರೆ ನಿಮ್ಮ ತೋಟಕ್ಕೆ ಯಾರೋ ಬಸ್ಸಿನವರು ಇಳಿದು ಅಡಿಕೆ ಮರದ ಕೆಳಗೆ ಬುತ್ತಿ ಬಿಚ್ಚಿದ ಹಾಗೆ. ಅಲ್ಲಿನ ಜನ ಮುಖಕ್ಕೆ ಏನೂ ಅನ್ನಲ್ಲ. ನಗುತ್ತಲೇ ಇರುತ್ತಾರೆ. ಅದೇ ಕಷ್ಟ, ಹೊರಗಿನವರಿಗೆ ತಾವು ತಪ್ಪು ಮಾಡಿದ್ದು ಗೊತ್ತೇ ಆಗಲ್ಲ.

ಹಾಗಾದರೆ ಕೇಳೋದು ಹೇಗೆ? ಅದಕ್ಕೆ ಒಂದು ಕ್ರಮ ಇದೆ, ಸೇವುಸೇವು ಅಂತ. ಊರೊಳಗೆ ಹೋದ ಕೂಡಲೇ ಊರ ಮುಖಂಡರ ಮುಂದೆ ಯಂಗೋನಾ ಬೇರಿನ ಒಂದು ಕಟ್ಟು ಇಟ್ಟು, ನಾವು ಇಂಥವರು, ಇಂಥಾ ಊರಿನಿಂದ ಬಂದಿದ್ದೇವೆ, ಇಲ್ಲಿ ಇರೋಕೆ ಅಪ್ಪಣೆ ಬೇಕು ಅಂತ ಕೇಳಿಕೊಳ್ಳೋದು. ಯಂಗೋನಾ ಅಂದರೆ ಹೊರಗಿನವರು ಕಾವಾ ಅನ್ನುವ ಗಿಡ. ಇದು ನಮ್ಮ ಕಾಳುಮೆಣಸು, ವೀಳ್ಯದೆಲೆಯ ಕುಟುಂಬದ್ದೇ, ಒಂದೇ ಜಾತಿಯ ಮೂರು ಗಿಡಗಳು. ನನಗೆ ಇದು ಗೊತ್ತಾದ ದಿನ ಇಡೀ ಸೇವುಸೇವು ಒಂದೇ ಏಟಿಗೆ ಅರ್ಥವಾಯ್ತು. ನಮ್ಮಲ್ಲಿ ಮಾತು ಶುರುವಾಗೋ ಮುಂಚೆ ಎಲೆ ಅಡಿಕೆ ತಟ್ಟೆ ಮುಂದಿಡುತ್ತೇವಲ್ಲ, ಅದೇ. ದಾರಿಯಲ್ಲಿ ಸಿಗೋ ಸಾವುಸಾವು ಪೇಟೆ, ಲಂಬಾಸಾ, ನಾಂದಿಯ ಮಾರ್ಕೆಟ್ಟುಗಳಲ್ಲಿ ಬೇರು ಸಿಗುತ್ತೆ. ಸೇವುಸೇವಿಗೆ ಅಂತ ಹೇಳಿ, ಅರ್ಧ ಕಿಲೋ ಕಟ್ಟಿ ಕೊಡುತ್ತಾರೆ. ಪುಡಿ ತಗೋಬೇಡಿ, ಬೇರೇ ಆಗಬೇಕು.

ಆಮೇಲೆ ಅದನ್ನು ಕುಟ್ಟಿ, ಬಟ್ಟೆಯಲ್ಲಿ ಹಾಕಿ ನೀರಿನಲ್ಲಿ ಹಿಂಡಿ, ತಾನೋವಾ ಅನ್ನುವ ಮರದ ಬೋಗುಣಿಯಲ್ಲಿ ಕಲಸುತ್ತಾರೆ. ಕುಡಿಯೋಕೆ ತೆಂಗಿನ ಕರಟ. ನಿಮ್ಮ ಸರದಿ ಬಂದಾಗ ಅಂಗೈ ಗುಳಿ ಮಾಡಿ ಒಂದು ಸಲ ಚಪ್ಪಾಳೆ, "ಬುಲಾ" ಅಂತ ಹೇಳಿ ಒಂದೇ ಉಸಿರಿಗೆ ಕುಡಿಯೋದು, ಕರಟ ವಾಪಸ್ ಕೊಟ್ಟು ಮೂರು ಚಪ್ಪಾಳೆ. ರುಚಿ? ಮಣ್ಣು ಕಲಸಿದ ನೀರಿನ ಹಾಗೆ, ಸ್ವಲ್ಪ ಒಗರು. ನಾಲಿಗೆ ಜುಮ್ ಅನ್ನುತ್ತೆ, ಅಡಿಕೆ ಹಾಕಿ ಅಭ್ಯಾಸ ಇದ್ದವರಿಗೆ ಏನೂ ಅನ್ನಿಸಲ್ಲ. ಇದು ಹೆಂಡ ಅಲ್ಲ, ಹುಳಿ ಬರಿಸಿದ್ದಲ್ಲ, ಆದರೆ ಜಾಸ್ತಿ ಕುಡಿದರೆ ಮೈ ಸಡಿಲವಾಗಿ ನಿದ್ದೆ ಬರುತ್ತೆ. ಬಿಪಿ ಮಾತ್ರೆ, ನಿದ್ದೆ ಮಾತ್ರೆ, ಯಕೃತ್ತಿನ ತೊಂದರೆ ಏನಾದರೂ ಇದ್ದರೆ ಬೇಡ. ಒಂದು ಗುಟುಕು ತುಟಿಗೆ ಮುಟ್ಟಿಸಿ ಕೈಮುಗಿದು ಕೊಟ್ಟರೆ ಯಾರೂ ಬೇಜಾರು ಮಾಡಿಕೊಳ್ಳಲ್ಲ. ಕಟ್ಟು ತಂದು ಇಟ್ಟಿದ್ದೀರಲ್ಲ, ಅದು ಮುಖ್ಯ.

ಊರೊಳಗೆ ಟೋಪಿ ಹಾಕೋ ಹಾಗಿಲ್ಲ. ತಂಪು ಕನ್ನಡಕವನ್ನು ತಲೆ ಮೇಲೆ ಏರಿಸಿಕೊಳ್ಳೋ ಹಾಗೂ ಇಲ್ಲ. ಚೀಲ ಹೆಗಲಿಗೆ ಹಾಕದೆ ಕೈಯಲ್ಲಿ ಹಿಡಿದುಕೊಳ್ಳಬೇಕು. ನಾನು ಮೊದಲ ಸಲ ಹೋದಾಗ ಬಿಸಿಲು ಅಂತ ಟೋಪಿ ಹಾಕಿಕೊಂಡು ಊರ ನಡುವೆ ನಡೆದುಬಿಟ್ಟೆ. ಒಬ್ಬ ಅಜ್ಜಿ ನಗುನಗುತ್ತಾ ಬಂದು ಬುಲಾ ಹೇಳಿ, ಟೋಪಿ ತಾನೇ ತೆಗೆದು ನನ್ನ ಕೈಗೆ ಕೊಟ್ಟು ಹೋದಳು. ಮಾತಿಲ್ಲ ಕತೆಯಿಲ್ಲ. ಟೋಪಿ ಕೊಡೆ ಎಲ್ಲ ಮುಖಂಡರ ಎದುರು ತಗ್ಗಬೇಕು ಅನ್ನೋದು ಅಲ್ಲಿನ ಲೆಕ್ಕ. ತಲೆ ಅಂದರೆ ಅವರಿಗೆ ಬಹಳ ಪವಿತ್ರ, ಮಕ್ಕಳ ತಲೆ ಸವರಬೇಡಿ. ಇದು ನಮ್ಮ ಕಡೆಯವರಿಗೆ ಕಷ್ಟ, ಕೈ ತಾನಾಗೇ ಹೋಗುತ್ತೆ. ಕೂತವರ ಮುಂದೆ ಹಾದು ಹೋಗುವಾಗ ಸ್ವಲ್ಪ ಬಗ್ಗಿ "ತುಲೋ" ಅನ್ನಬೇಕು. ಉಡುಪಿನ ಚಿಂತೆ ನಿಮಗಿಲ್ಲ. ಭುಜ, ಮೊಣಕಾಲು ಮುಚ್ಚಿರಬೇಕು ಅಷ್ಟೇ, ಅಮ್ಮಾವ್ರು ಸೀರೆ ಉಟ್ಟರೆ ಊರಿನ ಹೆಂಗಸರೆಲ್ಲ ಬಂದು ಸೆರಗು ಮುಟ್ಟಿ ನೋಡುತ್ತಾರೆ. ನೀವು ಪಂಚೆ ಉಟ್ಟರೆ ಇನ್ನೂ ಒಳ್ಳೆಯದು. ಅಲ್ಲಿನ ಗಂಡಸರು ಉಡೋ ಸುಲು ಅದರ ದಾಯಾದಿಯೇ, ಸರ್ಕಾರಿ ಆಫೀಸಿಗೂ ಉಟ್ಟುಕೊಂಡು ಹೋಗುತ್ತಾರೆ. ಪಂಚೆಯನ್ನು ಮೇಲೆ ಕಟ್ಟಬೇಡಿ, ಇಳಿಬಿಟ್ಟಿರಲಿ.

ಮಂಡಿನೋವಿನ ವಿಷಯ ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಹಳ್ಳಿಮನೆಯಲ್ಲಿ ಎಲ್ಲರೂ ನೆಲಕ್ಕೆ ಕೂರುತ್ತಾರೆ. ಕೇದಗೆ ಜಾತಿಯ ಎಲೆಯಲ್ಲಿ ಹೆಣೆದ ದಪ್ಪ ಚಾಪೆ, ಅದರ ಮೇಲೆ ಚಕ್ಕಳಮಕ್ಕಳ. ಬೋಗುಣಿಯ ಕಡೆ ಕಾಲು ಚಾಚೋ ಹಾಗಿಲ್ಲ. ನೀವು ಸುಮ್ನೆ ಕುರ್ಚಿ ಎಳೆದುಕೊಂಡು ಕೂತರೆ ಮುಖಂಡರಿಗಿಂತ ಎತ್ತರದಲ್ಲಿ ಕೂತ ಹಾಗಾಗುತ್ತೆ, ಅದು ಸರಿ ಹೋಗಲ್ಲ. ಉಳಿದುಕೊಳ್ಳುವ ಮನೆಯವರಿಗೆ ಮೊದಲೇ ಹೇಳಿಡಿ. ಅವರು ಮುಖಂಡರ ಹತ್ತಿರ ಒಂದು ಮಾತು ಆಡಿ, ಹಿಂದಿನ ಗೋಡೆ ಪಕ್ಕ ಗಿಡ್ಡ ಸ್ಟೂಲ್ ಹಾಕಿಸುತ್ತಾರೆ. ವಯಸ್ಸಾದವರಿಗೆ ಅಲ್ಲಿ ಮರ್ಯಾದೆ ಜಾಸ್ತಿ, ಹೇಳದೆ ಮಾಡಿದರೆ ಮಾತ್ರ ಕಷ್ಟ.

ಈಗ ಊರುಗಳಿಗೆ ಬರೋಣ. ನಾಂದಿ ಇರೋದು ವಿತಿ ಲೇವು ಅನ್ನುವ ದೊಡ್ಡ ದ್ವೀಪದಲ್ಲಿ. ಇಳಿದ ದಿನ ಸಂಜೆ ಪೇಟೆಯ ಕೊನೆಯಲ್ಲಿರೋ ಶಿವ ಸುಬ್ರಹ್ಮಣ್ಯ ಗುಡಿಗೆ ಹೋಗಿ, ಬಣ್ಣಬಣ್ಣದ ಗೋಪುರ, ಪೂರಾ ತಮಿಳುನಾಡಿನ ಶೈಲಿ. ಅಷ್ಟು ಸಾಕು. ಮಾರನೇ ದಿನ ಚಿಕ್ಕ ವಿಮಾನ ಹತ್ತಿ ಎರಡನೇ ದೊಡ್ಡ ದ್ವೀಪ ವನುವಾ ಲೇವುಗೆ, ಲಂಬಾಸಾಕ್ಕೆ. ಪ್ರವಾಸಿಗಳು ಲಂಬಾಸಾಕ್ಕೆ ಹೋಗೋದೇ ಇಲ್ಲ, ನೋಡೋಕೆ ಏನೂ ಇಲ್ಲ ಅನ್ನುತ್ತಾರೆ. ನಿಮ್ಮನ್ನು ಅಲ್ಲಿಗೇ ಕಳಿಸುತ್ತಿದ್ದೇನೆ, ನಿಮಗೆ ಬೇಕಾಗಿರೋ ಹಳ್ಳಿಗಾಡು ಅದರ ಸುತ್ತಲೇ ಇದೆ.

ಕಬ್ಬಿನ ಸೀಮೆ ಅದು. 1894ರಿಂದ ಸಕ್ಕರೆ ಕಾರ್ಖಾನೆ ಇದೆ. ಜುಲೈ ಅಂದರೆ ಕಬ್ಬು ಅರೆಯೋ ಕಾಲ, ಜೂನ್ ಹೊತ್ತಿಗೆ ಶುರುವಾಗಿ ನವೆಂಬರ್ ಕಡೆಗೆ ಮುಗಿಯುತ್ತೆ. ರಸ್ತೆ ತುಂಬ ಕಬ್ಬಿನ ಲಾರಿ, ಗದ್ದೆ ನಡುವೆ ಕಬ್ಬು ಹೊರುವ ಪುಟ್ಟ ರೈಲು, ಊರಿಡೀ ಕಾಕಂಬಿ ವಾಸನೆ. ಮಂಡ್ಯದವರಿಗೆ ಅಲ್ಲಿ ಕಣ್ಣು ಕಟ್ಟಿ ಬಿಟ್ಟರೂ ಊರಿಗೆ ಬಂದೆ ಅನ್ನಿಸುತ್ತೆ. ಇಲ್ಲಿನ ರೈತರು ಹೆಚ್ಚಿನವರು ಗಿರ್ಮಿಟಿಯಾಗಳ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು. ಅಗ್ರಿಮೆಂಟ್ ಅನ್ನೋ ಮಾತು ಅವರ ಬಾಯಲ್ಲಿ ಗಿರ್ಮಿಟ್ ಆಯ್ತು. ಐದು ವರ್ಷದ ಕರಾರಿನ ಮೇಲೆ ಕಬ್ಬಿನ ಗದ್ದೆ ಕೂಲಿಗೆ ಕರೆತಂದರು. ಮೊದಲ ಹಡಗು ಲಿಯೋನಿದಾಸ್, 1879ರ ಮೇ 14ಕ್ಕೆ ಬಂತು. 1916ರವರೆಗೆ ಒಟ್ಟು ಸುಮಾರು 60,000 ಜನ. ಮೊದಮೊದಲು ಕಲ್ಕತ್ತಾದಿಂದ, ಅಂದರೆ ಅವಧ್, ಭೋಜಪುರ ಕಡೆಯವರು. 1903ರಿಂದ ಮದರಾಸಿನಿಂದಲೂ ಹಡಗು ಹೊರಟವು, ಅದರಲ್ಲಿ ತಮಿಳರು, ತೆಲುಗರು, ಮಲಯಾಳಿಗಳು. ದಕ್ಷಿಣದವರನ್ನೆಲ್ಲ ಸೇರಿಸಿ ಅಲ್ಲಿ 'ಮದರಾಜಿ' ಅನ್ನುತ್ತಿದ್ದರು. ನಿಮ್ಮನ್ನೂ ಹಾಗೇ ಕರೆದರೆ ಬೇಜಾರು ಮಾಡಿಕೊಳ್ಳಬೇಡಿ. ಮಾರಿಯಮ್ಮನ ಗುಡಿಗಳಲ್ಲಿ ಜುಲೈ, ಆಗಸ್ಟ್ ಹೊತ್ತಿಗೆ ಕೆಂಡ ತುಳಿಯುವ ಹಬ್ಬ ನಡೆಯುತ್ತೆ, ನಮ್ಮ ಕೊಂಡ ಹಾಯೋದೇ. ಹೋದಾಗ ಎಲ್ಲಾದರೂ ಇದೆಯಾ ಅಂತ ವಿಚಾರಿಸಿ.

ಅಮ್ಮಾವ್ರ ಹಿಂದಿಯ ಚಿಂತೆ ಬಿಡಿ. ಫಿಜಿ ಹಿಂದಿ ನಮ್ಮವರ ಹಿಂದಿಗೆ ಹೇಳಿ ಮಾಡಿಸಿದ ಹಾಗಿದೆ. ಕ್ರಿಯಾಪದಕ್ಕೆ ಗಂಡು ಹೆಣ್ಣು ಅನ್ನೋ ತಲೆನೋವೇ ಇಲ್ಲ ಅನ್ನಬಹುದು. ನಾವು ದಾವಣಗೆರೆಯಲ್ಲಿ, ಬೆಂಗಳೂರಲ್ಲಿ ತಪ್ಪು ತಪ್ಪಾಗಿ ಆಡಿ ನಗೆಪಾಟಲಾಗೋ ಹಿಂದಿ ಅಲ್ಲಿ ಸಲೀಸಾಗಿ ನಡೆಯುತ್ತೆ. ಆದರೆ ಒಂದು ಮಾತು ಮಾತ್ರ ಆಡಬೇಡಿ: "ನೀವೂ ನಮ್ಮ ಇಂಡಿಯಾದವರೇ ಅಲ್ವಾ, ಯಾವಾಗ ವಾಪಸ್ ಬರ್ತೀರಿ?" ನಾಲ್ಕೈದು ತಲೆಮಾರು ಅಲ್ಲೇ ಹುಟ್ಟಿ ಅಲ್ಲೇ ಮಣ್ಣಾದವರು. 1987ರಲ್ಲಿ ಸೈನ್ಯ ಸರ್ಕಾರ ಬೀಳಿಸಿದ್ದು ಕೂಡ ಮೇ 14ರಂದೇ, ಅಂದರೆ ಹಡಗು ಬಂದ ಅದೇ ತಾರೀಕು. 2000ದಲ್ಲಿ ಸರ್ಕಾರವನ್ನು ಇನ್ನೊಂದು ಸಲ ಉರುಳಿಸಿದರು. ತುಂಬಾ ಜನ ಆಸ್ಟ್ರೇಲಿಯಾ, ನ್ಯೂಜಿಲೆಂಡಿಗೆ ಹೋಗಿಬಿಟ್ಟರು. ಅದರ ಜೊತೆಗೆ ಮೂವತ್ತು ವರ್ಷದ ಗೇಣಿ ಮುಗಿದು ಗದ್ದೆ ಬಿಟ್ಟವರೂ ಬಹಳ. ಹಾಗಾಗಿ ಕೆಲವು ಕಡೆ ಬೀಗ ಹಾಕಿದ ಮನೆಗಳು, ಕಾಡು ಬೆಳೆದ ಕಬ್ಬಿನ ಗದ್ದೆಗಳು ಕಾಣುತ್ತವೆ. ಅವರಾಗೇ ಮಾತು ತೆಗೆದರೆ ಕೇಳಿಸಿಕೊಳ್ಳಿ, ನೀವು ಕೆದಕಬೇಡಿ. ಈಗ ಹಡಗು ಬಂದ ದಿನದ ನೆನಪಿಗೆ ಗಿರ್ಮಿಟ್ ದಿನ ಅಂತ 2023ರಿಂದ ಸರ್ಕಾರಿ ರಜೆ ಮಾಡಿದ್ದಾರೆ.

ಲಂಬಾಸಾದ ಹೊರಗೆ ನಾಗಮಂದಿರ ಇದೆ, ಹೆಡೆ ಎತ್ತಿದ ಹಾವಿನಂತೆ ಕಾಣೋ ದೊಡ್ಡ ಬಂಡೆ. ಬಂಡೆ ಬೆಳೀತಾ ಇದೆ ಅಂತ ಭಕ್ತರ ನಂಬಿಕೆ, ಅದಕ್ಕೆ ಚಾವಣಿಯನ್ನು ಎತ್ತರಿಸಿದ್ದಾರೆ. ತಮಾಷೆ ಅಂದರೆ ಫಿಜಿಯಲ್ಲಿ ಹಾವು ನೋಡಸಿಗೋದೇ ಅಪರೂಪ. ಕಬ್ಬಿನ ಗದ್ದೆಯ ಇಲಿ ಹಿಡಿಯಲಿ ಅಂತ 1883ರಲ್ಲಿ ಮುಂಗುಸಿ ತಂದು ಬಿಟ್ಟರು. ಈಗ ಎಲ್ಲಿ ನೋಡಿದರೂ ರಸ್ತೆ ದಾಟುತ್ತಿರುತ್ತೆ. ಇಲಿ ಹಿಡಿಯೋದು ಬಿಟ್ಟು ನೆಲದ ಮೇಲೆ ಗೂಡು ಕಟ್ಟೋ ಹಕ್ಕಿಗಳನ್ನು ತಿಂದು ಹಾಕಿದ್ದೇ ಜಾಸ್ತಿ.

ಲಂಬಾಸಾದಿಂದ ಸಾವುಸಾವುಗೆ ಬೆಟ್ಟ ಹತ್ತಿ ಇಳಿಯೋ ಡಾಂಬರು ರಸ್ತೆ. ಬಸ್ಸಿದೆ, ಆದರೆ ನಿಮ್ಮ ಮಂಡಿಗೆ ಟ್ಯಾಕ್ಸಿ ವಾಸಿ. ದಾರಿ ನೋಡಿದರೆ ಆಗುಂಬೆ ಘಾಟಿ ನೆನಪಾಗುತ್ತೆ, ಒಂದು ಕಡೆ ಒಣ ಕಬ್ಬಿನ ಬಯಲು, ನೆತ್ತಿ ದಾಟಿದ ಕೂಡಲೇ ಹಸಿರು, ಮಂಜು. ಸಾವುಸಾವು ಪೇಟೆಯಲ್ಲಿ ನೆಲದಿಂದ ಕುದಿಯೋ ನೀರು ಬರುತ್ತೆ. ಊರ ಜನ ಮರಗೆಣಸು ಚೀಲದಲ್ಲಿ ಕಟ್ಟಿ ಅದರಲ್ಲೇ ಬೇಯಿಸುತ್ತಾರೆ. ಹತ್ತಿರ ಹೋಗಿ ಕೈ ಹಾಕಬೇಡಿ. ಅಲ್ಲಿಂದ ಬಸ್ಸಲ್ಲಿ ನತುವು ಅನ್ನುವ ಜೆಟ್ಟಿಗೆ ಹೋಗಿ ದೋಣಿ ಹತ್ತಿದರೆ ತವೆಯುನಿ. ಜುಲೈಯಲ್ಲಿ ಆಗ್ನೇಯದ ಗಾಳಿ ಜೋರಿರುತ್ತೆ, ದೋಣಿ ಕುಣಿಯುತ್ತೆ, ವಾಂತಿ ಮಾತ್ರೆ ಮೊದಲೇ ನುಂಗಿ. ದೋಣಿಯ ಹೊತ್ತು ಆಗಾಗ ಬದಲಾಗುತ್ತೆ, ಹಿಂದಿನ ದಿನ ವಿಚಾರಿಸಿಕೊಳ್ಳಿ. ಅದು ಬೇಡ ಅಂದರೆ ನಾಂದಿಗೆ ವಾಪಸ್ ಹಾರಿ ಅಲ್ಲಿಂದ ತವೆಯುನಿಗೆ ಹಾರಬಹುದು, ಸುತ್ತು ಜಾಸ್ತಿ, ದುಡ್ಡೂ ಜಾಸ್ತಿ. ಬರುವಾಗ ಹೇಗೂ ತವೆಯುನಿಯ ಮಾತೆಯಿ ನಿಲ್ದಾಣದಿಂದ ನಾಂದಿಗೆ ನೇರ ವಿಮಾನ ಹತ್ತಿ. ಪುಟ್ಟ ವಿಮಾನ ಅದು, ನಿಮ್ಮ ಚೀಲದ ಜೊತೆ ನಿಮ್ಮನ್ನೂ ತಕ್ಕಡಿ ಮೇಲೆ ನಿಲ್ಲಿಸಿ ತೂಗುತ್ತಾರೆ. ಅಮ್ಮಾವ್ರಿಗೆ ಮೊದಲೇ ಹೇಳಿರಿ.

ತವೆಯುನಿ ಉದ್ದಕ್ಕೆ ನಲವತ್ತು ಕಿಲೋಮೀಟರಿನ ಮೇಲೆ ಸ್ವಲ್ಪ, ಅಗಲ ಹತ್ತರ ಆಸುಪಾಸು. ನಡುವೆ ಬೆನ್ನುಮೂಳೆಯ ಹಾಗೆ ಬೆಟ್ಟದ ಸಾಲು, ಅತಿ ಎತ್ತರದ ಉಲುಇಂಗಲಾವು 1,241 ಮೀಟರ್. ಪೂರ್ವದಿಂದ ಬರೋ ಗಾಳಿ ಇದಕ್ಕೆ ಡಿಕ್ಕಿ ಹೊಡೆದು ಆ ಕಡೆ ಮಳೆ ಸುರಿಸುತ್ತೆ, ನಮ್ಮ ಘಟ್ಟದಲ್ಲಿ ಪಶ್ಚಿಮದ ಗಾಳಿ ಮಾಡೋ ಕೆಲಸವೇ, ದಿಕ್ಕು ಮಾತ್ರ ಉಲ್ಟಾ. ಜುಲೈ ಫಿಜಿಗೆ ಒಣಗಾಲ ಅಂತ ಪುಸ್ತಕದಲ್ಲಿರುತ್ತೆ, ಅದನ್ನು ನಂಬಿ ಕೊಡೆ ಬಿಟ್ಟು ಹೋಗಬೇಡಿ. ತೀರ್ಥಹಳ್ಳಿಯವರಿಗೆ ಇದನ್ನು ಹೇಳಬೇಕಾ? ಆದರೆ ಚಂಡಮಾರುತದ ಭಯ ಇಲ್ಲ, ಅದು ನವೆಂಬರಿನಿಂದ ಏಪ್ರಿಲ್ ತನಕ. 2016ರ ಫೆಬ್ರವರಿಯಲ್ಲಿ ವಿನ್‌ಸ್ಟನ್ ಬಂದಾಗ ದೇಶದಲ್ಲಿ 44 ಜನ ಸತ್ತರು. ಹಳ್ಳಿಯವರು ಕಾಲದ ಲೆಕ್ಕವನ್ನೇ "ವಿನ್‌ಸ್ಟನ್‌ಗೆ ಮುಂಚೆ, ಆಮೇಲೆ" ಅಂತ ಹೇಳೋದು ಕೇಳಿದ್ದೇನೆ.

ಈ ದ್ವೀಪಕ್ಕೆ ಮುಂಗುಸಿ ಬರಲೇ ಇಲ್ಲ. ಅದಕ್ಕೇ ಹಕ್ಕಿಗಳು ಉಳಿದಿವೆ. ಕಿತ್ತಳೆ ಬಣ್ಣದ ಪಾರಿವಾಳ ಒಂದಿದೆ, ಗಂಡು ಹಕ್ಕಿ ಮರದ ಮೇಲೆ ಕೂತರೆ ಯಾರೋ ಹಣ್ಣು ಸಿಕ್ಕಿಸಿದ ಹಾಗೆ ಕಾಣುತ್ತೆ. ಬೆಳಗಿನ ಜಾವ ಎದ್ದು ಸುಮ್ನೆ ಕೂರಿ, ಬೈನಾಕ್ಯುಲರ್ ಇದ್ದರೆ ತನ್ನಿ.

ಉಳಿಯೋದು ಎಲ್ಲಿ? ನನ್ನ ಮಟ್ಟಿಗೆ ಪೂರ್ವದ ಬೌಮಾ ಕಡೆ. ಮರ ಕಡಿಯೋಕೆ ಕಾಡು ಕೊಡೋ ಬದಲು ಊರವರೇ ಕಾಡು ಉಳಿಸಿಕೊಂಡು ಬದುಕೋ ದಾರಿ ಹುಡುಕಿದ ಜಾಗ ಅದು. ನ್ಯೂಜಿಲೆಂಡ್ ಸರ್ಕಾರದ ನೆರವು ಸಿಕ್ಕಿ 1990ರಲ್ಲಿ ಶುರುವಾಯ್ತು. ನಾಲ್ಕು ಊರು, ನಾಲ್ಕಕ್ಕೂ ಬೇರೆ ಬೇರೆ ಕೆಲಸ: ವೈತಂಬು ಊರಿನವರು ಹವಳದ ದಿಬ್ಬ ಕಾಯುತ್ತಾರೆ, ವಿಂಡಾವಾದವರು ಕಾಡಿನ ಚಾರಣ ಕರೆದೊಯ್ಯುತ್ತಾರೆ, ಕೊರೊವೋದವರದು ತವೋರೋ ಜಲಪಾತ, ಲವೇನಾದವರದು ಕಡಲ ದಂಡೆಯ ಕಾಲುದಾರಿ. ಟಿಕೆಟ್ ದುಡ್ಡು ಊರಿಗೇ ಹೋಗುತ್ತೆ. ಚೌಕಾಶಿ ಮಾಡಬೇಡಿ. ತವೋರೋದಲ್ಲಿ ಮೂರು ಜಲಪಾತ. ಮೊದಲನೆಯದಕ್ಕೆ ಸಮತಟ್ಟು ದಾರಿ, ಹತ್ತು ಹದಿನೈದು ನಿಮಿಷ, ಊರುಗೋಲು ಹಿಡಿದು ನೀವು ಹೋಗಬಹುದು. ಎರಡು ಮೂರನೆಯದಕ್ಕೆ ಮಗ ಹೋಗಲಿ. ಲವೇನಾದ ದಾರಿ ಒಂದು ಕಡೆಗೇ ಐದು ಕಿಲೋಮೀಟರ್, ಕೊನೆಗೆ ನೀರಲ್ಲಿ ಈಜಬೇಕು, ಅದು ನಿಮಗಲ್ಲ. ಆದರೆ ಊರವರು ದೋಣಿಯಲ್ಲಿ ದಂಡೆ ಉದ್ದಕ್ಕೂ ಕರೆದೊಯ್ಯುತ್ತಾರೆ, ಕೇಳಿ. ಲವೇನಾದಲ್ಲಿ ಊರವರೇ ನಡೆಸೋ ಸಾದಾ ವಸತಿ ಇದೆ. ಹೋಗೋ ಮುಂಚೆ ಮಗನಿಂದ ಫೋನ್ ಮಾಡಿಸಿ ಖಚಿತ ಮಾಡಿಕೊಳ್ಳಿ. ವಿಮಾನ ನಿಲ್ದಾಣದಿಂದ ಅಲ್ಲಿಗೆ ಮಣ್ಣು ರಸ್ತೆ, ಬಸ್ಸು ದಿನಕ್ಕೆ ಒಂದೆರಡು. ಟ್ಯಾಕ್ಸಿ ಇಲ್ಲಾ ಕ್ಯಾರಿಯರ್ ಅನ್ನುವ, ಹಿಂದೆ ಬೆಂಚು ಹಾಕಿ ಟಾರ್ಪಲ್ ಕಟ್ಟಿದ ಲಾರಿ. ನೀವು ಮುಂದಿನ ಸೀಟು ಕೇಳಿ.

ಭಾನುವಾರ ಪ್ರಯಾಣ ಇಟ್ಟುಕೊಳ್ಳಬೇಡಿ. ನಾನು ಒಮ್ಮೆ ಇಟ್ಟುಕೊಂಡು, ಬರದ ಬಸ್ಸಿಗೆ ಮೂರು ಗಂಟೆ ಕಾದು, ಕೊನೆಗೆ ಚರ್ಚಿನಿಂದ ಬರುತ್ತಿದ್ದ ಒಂದು ಕುಟುಂಬ ಮನೆಗೆ ಕರೆದು ಊಟ ಹಾಕಿದರು. ಅವರಿಗೆ ಒಯ್ಯೋಕೆ ನನ್ನ ಕೈಯಲ್ಲಿ ಏನೂ ಇರಲಿಲ್ಲ, ಆ ನಾಚಿಕೆ ಇನ್ನೂ ಇದೆ. ಭಾನುವಾರ ಕೆಲಸ, ಈಜು, ಗಲಾಟೆ ಯಾವುದೂ ಇರಲ್ಲ. ನೀವೂ ಚರ್ಚಿಗೆ ಹೋಗಿ ಹಿಂದೆ ಕೂರಿ. ದೇವರು ಯಾವುದಾದರೇನು, ಮೈಕಿಲ್ಲದೆ, ವಾದ್ಯ ಇಲ್ಲದೆ ಇಡೀ ಊರು ನಾಲ್ಕು ದನಿಯಲ್ಲಿ ಹಾಡುತ್ತೆ. ಅದನ್ನು ಕೇಳೋಕೇ ನಾನು ಭಾನುವಾರ ಹಳ್ಳಿಯಲ್ಲಿರೋ ಹಾಗೆ ಹೊಂದಿಸಿಕೊಳ್ಳುತ್ತೇನೆ.

ಒಯ್ಯೋಕೆ ಏನು? ಯಂಗೋನಾ ಬಿಟ್ಟು, ಉಳಿಯೋ ಮನೆಗೆ ಅಕ್ಕಿ, ಸಕ್ಕರೆ, ಚಹಾಪುಡಿ, ಮೈದಾಹಿಟ್ಟು. ಬೇಳೆಯೂ ಇರಲಿ, ನಿಮ್ಮ ಊಟಕ್ಕೂ ಆಯ್ತು. ಪೇಟೆಯಲ್ಲೇ ಕೊಳ್ಳಿ. ಮಕ್ಕಳಿಗೆ ಬೀದಿಯಲ್ಲಿ ಚಾಕಲೇಟ್ ಹಂಚಬೇಡಿ, ನೋಟ್‌ಬುಕ್ ಪೆನ್ಸಿಲ್ ಇದ್ದರೆ ಶಾಲೆಗೆ ಕೊಡಿ, ನೀವೇ ಮೇಷ್ಟ್ರು, ಶಾಲೆ ನೋಡಬೇಕು ಅಂತ ಕೇಳಿದರೆ ಸಂತೋಷಪಡುತ್ತಾರೆ. ಇನ್ನೊಂದು. ಅವರ ಮನೆಯಲ್ಲಿ ಯಾವುದನ್ನೂ ಅತಿಯಾಗಿ ಹೊಗಳಬೇಡಿ. "ಚಾಪೆ ಎಷ್ಟು ಚೆನ್ನಾಗಿದೆ" ಅಂತ ಎರಡು ಸಲ ಅಂದರೆ ಹೊರಡೋವಾಗ ಚಾಪೆ ಸುತ್ತಿ ಕೈಗೆ ಕೊಡುತ್ತಾರೆ. ತಿಂಗಳುಗಟ್ಟಲೆ ಹೆಣೆದದ್ದು ಅದು.

ಊಟ. ಲಂಬಾಸಾದಲ್ಲಿ ಸಮಸ್ಯೆಯೇ ಇಲ್ಲ. ರೊಟ್ಟಿ, ದಾಲ್, ಬದನೆಕಾಯಿ ಚೋಖಾ, ದಂಟಿನ ಸೊಪ್ಪಿನ ಭಾಜಿ. ಕೆಸುವಿನೆಲೆಗೆ ಬೇಳೆಹಿಟ್ಟು ಸವರಿ ಸುತ್ತಿ ಕರಿದದ್ದಕ್ಕೆ ಅವರು ಸೈನಾ ಅನ್ನುತ್ತಾರೆ. ತಿಂದು ನೋಡಿ, ಪತ್ರೊಡೆಯ ತಂಗಿ. ತವೆಯುನಿಯ ಹಳ್ಳಿಯಲ್ಲೂ ನಿಮಗೆ ಗೊತ್ತಿಲ್ಲದ ತರಕಾರಿ ಕಡಿಮೆ. ಕೆಸುವಿನ ಗೆಡ್ಡೆಗೆ ದಾಲೋ, ಅದರ ಎಲೆಯನ್ನು ಕಾಯಿಹಾಲಿನಲ್ಲಿ ಬೇಯಿಸಿದರೆ ರೋರೋ. ಮರಗೆಣಸು, ದೀವಿ ಹಲಸು ದಂಡಿ. ಓಟಾ ಅಂತ ಜರೀಗಿಡದ ಎಳೇ ಸುರುಳಿ ಮಾಡುತ್ತಾರೆ, ಕೊಡಗಿನವರ ಥೆರ್ಮೆ ಸೊಪ್ಪೇ ಅದು. ತವೆಯುನಿಯ ದಾಲೋ ನ್ಯೂಜಿಲೆಂಡಿಗೂ ಹೋಗುತ್ತೆ, ನಿಮ್ಮ ಮಗ ಅಂಗಡಿಯಲ್ಲಿ ನೋಡಿರುತ್ತಾನೆ.

ಆದರೆ ಎರಡು ಕಡೆ ಎಚ್ಚರ. ಪಲುಸಾಮಿ ಅನ್ನುವ ಕೆಸುವಿನೆಲೆ ಪೊಟ್ಟಣದಲ್ಲಿ ಡಬ್ಬದ ಗೋಮಾಂಸ ಹಾಕುವುದು ಉಂಟು, ಬರೀ ಈರುಳ್ಳಿಯದೂ ಉಂಟು, ಕೇಳಿ ತಿನ್ನಿ. ನೆಂಟರು ಬಂದರೆ ಲೋವೋ ಮಾಡುತ್ತಾರೆ, ಅಂದರೆ ನೆಲದಲ್ಲಿ ಗುಂಡಿ ತೋಡಿ, ಕಾದ ಕಲ್ಲಿನ ಮೇಲೆ ಎಲ್ಲ ಇಟ್ಟು, ಎಲೆ ಮುಚ್ಚಿ ಬೇಯಿಸೋದು. ಎಲ್ಲ ಅಂದರೆ ಕೋಳಿ, ಮೀನು, ಗೆಡ್ಡೆ ಒಂದೇ ಗುಂಡಿಯಲ್ಲಿ. "ಸಸ್ಯಾಹಾರಿ" ಅಂದರೆ ಸಾಲದು, ಮೀನೂ ಬೇಡ, ಕೋಳಿಯೂ ಬೇಡ ಅಂತ ಬಿಡಿಸಿ ಹೇಳಬೇಕು. ನಮ್ಮ ಪಾಲಿನ ಗೆಡ್ಡೆ ಬೇರೆ ಒಲೆ ಮೇಲೆ ಬೇಯಿಸಿಕೊಡಿ ಅಂತ ಹಿಂದಿನ ದಿನವೇ ಕೇಳಿಕೊಳ್ಳಿ. ಗುಂಡಿ ಮುಚ್ಚಿದ ಮೇಲೆ ಹೇಳಿದರೆ ಅವರಿಗೆ ಸಂಕಟ, ನಿಮಗೆ ಉಪವಾಸ.

ಉಳಿದದ್ದು ಚುಟುಕಾಗಿ. ಭಾರತದ ಪಾಸ್‌ಪೋರ್ಟಿಗೆ ಫಿಜಿ ವೀಸಾ ಮೊದಲೇ ಬೇಕಿಲ್ಲ, ಇಳಿದಾಗ ನಾಲ್ಕು ತಿಂಗಳವರೆಗೆ ಕೊಡುತ್ತಾರೆ, ವಾಪಸ್ ಟಿಕೆಟ್, ಆರು ತಿಂಗಳ ಪಾಸ್‌ಪೋರ್ಟ್ ಅವಧಿ ಇರಬೇಕು. ಎಡವೋದು ಬೇರೆ ಕಡೆ: ನಿಮ್ಮ ನ್ಯೂಜಿಲೆಂಡ್ ವೀಸಾ ಮತ್ತೆ ಮತ್ತೆ ಒಳಗೆ ಬಿಡೋ ವೀಸಾ ಆಗಿರಲೇಬೇಕು, ಒಂದೇ ಸಲದ್ದಾದರೆ ಫಿಜಿಯಿಂದ ಮಗನ ಮನೆಗೆ ವಾಪಸ್ ಹೋಗೋಕಾಗಲ್ಲ. ಇವತ್ತೇ ತೆಗೆದು ನೋಡಿ. ಉಪ್ಪಿನಕಾಯಿ, ಚಟ್ನಿಪುಡಿ ಒಯ್ಯೋದಾದರೆ ಫಾರಂನಲ್ಲಿ ಬರೆದು ತೋರಿಸಿ. ಜೇನು, ಬೀಜ, ಹಾಲಿನ ಪದಾರ್ಥ, ಹಣ್ಣು ಬೇಡವೇ ಬೇಡ. ವಾಪಸ್ ಆಕ್ಲೆಂಡಿನಲ್ಲಿ ಬರೆಯದೆ ಸಿಕ್ಕಿಬಿದ್ದರೆ ಸ್ಥಳದಲ್ಲೇ 400 ಡಾಲರ್ ದಂಡ, ಒಂದು ಸೇಬಿಗೂ ಅಷ್ಟೇ. ಫಿಜಿಯಲ್ಲಿ ಮಲೇರಿಯಾ ಇಲ್ಲ, ಡೆಂಗ್ಯೂ ಇದೆ, ಸೊಳ್ಳೆ ಮುಲಾಮು ಇರಲಿ. ಹಳ್ಳಿಯಲ್ಲಿ ಕುದಿಸಿದ ನೀರು ಕುಡಿಯಿರಿ. ಹವಳ ತಾಗಿ ಗಾಯವಾದರೆ ಬೇಗ ಕೀವಾಗುತ್ತೆ, ನೀರಿಗೆ ಇಳಿದರೆ ಕಾಲಿಗೆ ಹಳೇ ಶೂ. ತವೆಯುನಿಯ ಆಸ್ಪತ್ರೆ ವೈಯೇವೋದಲ್ಲಿದೆ, ಚಿಕ್ಕದು. ನಿಮ್ಮ ಮಾತ್ರೆಗಳನ್ನು ಹತ್ತು ದಿನ ಹೆಚ್ಚಿಗೇ ಇಟ್ಟುಕೊಳ್ಳಿ, ಚೀಟಿ ಸಮೇತ. ನಗದು ಲಂಬಾಸಾದಲ್ಲೇ ತೆಗೆದುಕೊಳ್ಳಿ.

ಅದೇ ವೈಯೇವೋ ಹತ್ತಿರ 180 ಡಿಗ್ರಿ ರೇಖಾಂಶ ದ್ವೀಪವನ್ನು ಸೀಳಿಕೊಂಡು ಹೋಗುತ್ತೆ, ಒಂದು ಬೋರ್ಡ್ ನೆಟ್ಟಿದ್ದಾರೆ. ಒಂದು ಕಾಲು ನಿನ್ನೆಯಲ್ಲಿ, ಒಂದು ಕಾಲು ಇವತ್ತಿನಲ್ಲಿ ಅಂತ ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತಾರೆ. ಭೂಗೋಳ ಪಾಠ ಮಾಡಿದವರಿಗೆ ಗೊತ್ತಿರುತ್ತೆ, ದಿನದ ಗೆರೆಯನ್ನು ಫಿಜಿಯ ಪೂರ್ವಕ್ಕೆ ಬಗ್ಗಿಸಿದ್ದಾರೆ, ಎರಡೂ ಕಾಲು ಇರೋದು ಇವತ್ತಿನಲ್ಲೇ. ಆದರೂ ಫೋಟೋ ತೆಗೆಸಿಕೊಳ್ಳಿ.

ಕೊನೆಗೆ ಫೋನ್. ಲಂಬಾಸಾದಲ್ಲಿ, ತವೆಯುನಿಯ ಪಶ್ಚಿಮದಲ್ಲಿ ಸಿಗ್ನಲ್ ಚೆನ್ನಾಗಿದೆ, ಲವೇನಾದಲ್ಲಿ ಬಂದರೆ ಬಂತು ಇಲ್ಲದಿದ್ದರೆ ಇಲ್ಲ. ಊರವರಿಗೆ ಮೊದಲೇ ಹೇಳಿಡಿ, ಎರಡು ಮೂರು ದಿನ ಫೋನ್ ಬರದಿದ್ದರೆ ಗಾಬರಿ ಬೀಳಬೇಡಿ ಅಂತ. ಫಿಜಿ ನಮಗಿಂತ ಆರೂವರೆ ಗಂಟೆ ಮುಂದೆ. ನೀವು ಬೆಳಿಗ್ಗೆ ಎಂಟಕ್ಕೆ ಕಾಫಿ ಕುಡೀತಾ ಖುಷಿಯಲ್ಲಿ ಮನೆಗೆ ಫೋನ್ ಮಾಡಿದರೆ ಇಲ್ಲಿ ರಾತ್ರಿ ಒಂದೂವರೆ. ಮಧ್ಯಾಹ್ನ ಮೂರರ ಮೇಲೆ ಮಾಡಿ.